ದಮ್ಮು ಬೇಕಾದರೆ ನಿಧಾನವಾಗಿ ತುಳಿಯಿರಿ

“ಹಕೀಮ್ ಸಾಹೇಬ್ರ, ಹೊಸಾ ಸೈಕಲ್ ತಗೊಂಡೀನ್ರಿ. ಒಮ್ಮೆ ಧಾರವಾಡಕ್ಕ ಹೋಗಿ ಬಂದೆ, ಆವತ್ತಿಂದ ಮೊಣಕಾಲು ಹಿಡಕೊಂಡು ಕುಂತಾವ.” ಇಂಥ ಮಾತನ್ನು ನಾನು ನನ್ನ ದವಾಖಾನೆಯಲ್ಲಿ ಆಗಾಗ ಕೇಳುತ್ತಿರುತ್ತೇನೆ. ಬರುವವರು ಹೆಚ್ಚಾಗಿ ನಲವತ್ತರ ಆಸುಪಾಸಿನವರು: ಅಂಗಡಿಯವರು, ಶಿಕ್ಷಕರು, ಗ್ಯಾರೇಜಿನವರು. ಸಕ್ಕರೆಯೋ ಬಿಪಿಯೋ ಕಾಣಿಸಿಕೊಂಡಿರುತ್ತದೆ, ವ್ಯಾಯಾಮ ಮಾಡಿ ಎಂದು ಯಾರೋ ಹೇಳಿರುತ್ತಾರೆ. ವಾರವಿಡೀ ಪುರುಸೊತ್ತಿಲ್ಲ. ಹಾಗಾಗಿ ಆರು ದಿನಗಳ ಬಾಕಿಯನ್ನು ರವಿವಾರ ಒಂದೇ ದಿನ ತೀರಿಸಲು ಹೊರಡುತ್ತಾರೆ. ಮೂರನೆಯ ರವಿವಾರದ ಹೊತ್ತಿಗೆ ಸೈಕಲ್ ಮೆಟ್ಟಿಲ ಕೆಳಗೆ ಸೇರಿ, ಅದರ ಮೇಲೆ ಬಟ್ಟೆ ಒಣಗುತ್ತಿರುತ್ತದೆ.

ಅವರನ್ನು ಗದರಿಸುವ ಹಕ್ಕು ನನಗಿಲ್ಲ. ಮೂರು ವರ್ಷಗಳ ಹಿಂದೆ ನನ್ನದೇ ಉಪವಾಸದ ಸಕ್ಕರೆ 118 ಬಂದಾಗ ನಾನೂ ಇದನ್ನೇ ಮಾಡಿದೆ. ಮೊದಲ ರವಿವಾರವೇ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟೆ. ಹೋಗಲು 20 ಕಿ.ಮೀ., ಬರಲು ಅಷ್ಟೇ. ಮರುದಿನ ಸಜ್ದಾದಿಂದ ಏಳಲು ಆಗಲಿಲ್ಲ. 15 ದಿನ ಮಸೀದಿಯಲ್ಲಿ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡಿದೆ. ಪಕ್ಕದ ಕುರ್ಚಿಯಲ್ಲಿದ್ದ ಹಿರಿಯರು, “ಏನ್ ಡಾಕ್ಟ್ರ, ನೀವೂ ಇಲ್ಲಿಗೇ ಬಂದ್ರ್ಯಾ?” ಎಂದದ್ದು ಇನ್ನೂ ಮರೆತಿಲ್ಲ.

ಆಗಿದ್ದೇನು? ನಿಯಮಿತವಾಗಿ ತುಳಿದರೆ ಹೃದಯ ಮತ್ತು ಸ್ನಾಯುಗಳು ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಹೊಂದಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ರಕ್ತ ಸಂಚಾರ ಕಡಿಮೆ, ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು “ಇನ್ನೂ ಆಗುತ್ತದೆ” ಎನ್ನುವಾಗಲೇ ಮೊಣಕಾಲು “ಸಾಕು” ಎಂದಿರುತ್ತದೆ, ನಮಗೆ ಮರುದಿನ ಕೇಳಿಸುತ್ತದೆ. ಇದರ ಜೊತೆಗೆ ನಮ್ಮ ರಸ್ತೆಯ ಗುಣವೂ ಇದೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಎದೆಗೇ ಬೀಸುತ್ತದೆ. ಚಿಗರಿ ಬಸ್ಸಿನಲ್ಲಿ ಕುಳಿತವನಿಗೆ ಕಾಣದ ಏರು ಸೈಕಲ್ ಮೇಲೆ ಪ್ರತಿ ತುಳಿತಕ್ಕೂ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯ ಸರಳ. ಸಮಯ ಕಡಿಮೆ ಇರುವವರು ರವಿವಾರದ ಸಾಹಸ ಬಿಟ್ಟು, ವಾರಕ್ಕೆ ನಾಲ್ಕು ದಿನ 30 ನಿಮಿಷ ನಿಧಾನವಾಗಿ ತುಳಿಯಬೇಕು. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಒಂದು ದಿನ ಇನ್ನೂ 30 ನಿಮಿಷ ಹೆಚ್ಚಿಸಿಕೊಂಡರೆ ಅಷ್ಟು ತುಂಬುತ್ತದೆ. ನಿಧಾನ ಎಂದಾಗ ಯುವಕರು ನಗುತ್ತಾರೆ. ಆದರೆ ದಮ್ಮು ಹುಟ್ಟುವುದು ಅಲ್ಲಿಯೇ. ಹದವಾದ ವೇಗದಲ್ಲಿ ದಿನ ಬಿಟ್ಟು ದಿನ ತುಳಿದಾಗ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ದೇಹ ಕೊಬ್ಬನ್ನು ಇಂಧನವಾಗಿ ಬಳಸಲು ಕಲಿಯುತ್ತದೆ, ಸ್ನಾಯುಗಳು ರಕ್ತದ ಸಕ್ಕರೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಸಕ್ಕರೆಯ ಮೇಲಿನ ಈ ಪರಿಣಾಮ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ರವಿವಾರ ತುಳಿದದ್ದು ಗುರುವಾರಕ್ಕೆ ಉಳಿಯುವುದಿಲ್ಲ.

ವೇಗ ಸರಿಯಿದೆಯೇ ಎಂದು ತಿಳಿಯಲು ಕೈಗಡಿಯಾರದ ಯಂತ್ರ ಬೇಕಿಲ್ಲ. ಜೊತೆಗಾರನೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಸಾಧ್ಯವಾಗಬೇಕು. ಒಬ್ಬರೇ ಇದ್ದರೆ ಸೂರಃ ಫಾತಿಹಾ ಮೆಲುದನಿಯಲ್ಲಿ ಓದಿ. ಆಯತ್‌ನ ನಡುವೆ ಉಸಿರು ತುಂಡಾದರೆ ವೇಗ ಇಳಿಸಿ. ಯುನಾನಿ ಓದಿದವರಿಗೆ ಇದು ಹೊಸದಲ್ಲ. ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ರಿಯಾಝತ್, ಅಂದರೆ ವ್ಯಾಯಾಮವನ್ನು ವಿವರಿಸುವುದೇ ಉಸಿರಿನ ಮೂಲಕ. ಉಸಿರು ಆಳವಾಗುವಂತೆ, ಇಚ್ಛೆಯಿಂದ ಮಾಡುವ ಚಲನೆ ಅದು. ಮೈ ಹಗುರವಾಗಿ, ಮುಖದಲ್ಲಿ ಕಳೆ ಏರುತ್ತಿರುವವರೆಗೆ ಮುಂದುವರಿಸಬೇಕು, ಅದು ಇಳಿಯತೊಡಗಿದಾಗ ನಿಲ್ಲಿಸಬೇಕು. ನಮ್ಮ ಶಾಸ್ತ್ರ ಆರೋಗ್ಯಕ್ಕೆ ಅಗತ್ಯವೆಂದು ಎಣಿಸುವ ಆರು ಕಾರಣಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿಯನ್ನು ಒಂದೇ ಜೋಡಿಯಾಗಿ ಇಟ್ಟಿದ್ದಾರೆ. ವಿಶ್ರಾಂತಿಯ ದಿನ ಸೋಮಾರಿತನವಲ್ಲ.

ಸಮಯ ಎಲ್ಲಿದೆ ಎನ್ನುತ್ತೀರಿ. ಫಜ್ರ್‌ಗೆ ಎದ್ದವರು ಮತ್ತೆ ಹಾಸಿಗೆಗೆ ಮರಳುವ ಆ ಒಂದು ಗಂಟೆಯ ಮೇಲೆ ನನ್ನ ಕಣ್ಣು. ನಮ್ಮಲ್ಲಿ ಜೂನ್‌ನಲ್ಲಿ ಸೂರ್ಯೋದಯ 6ರ ಸುಮಾರಿಗೆ, ಜನವರಿಯಲ್ಲಿ 7ರ ಸುಮಾರಿಗೆ. ಕತ್ತಲಿದ್ದರೆ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇರಲೇಬೇಕು, ತಲೆಗೆ ಹೆಲ್ಮೆಟ್ ಕೂಡ. ಚನ್ನಮ್ಮ ವೃತ್ತದ ಕಡೆಯವರಿಗೆ ಉಣಕಲ್ ಕೆರೆಯವರೆಗೆ ಹೋಗಿ ಬಂದರೆ ಅರ್ಧ ಗಂಟೆ. ಮೊದಲ ಮೂರು ವಾರ ಇಷ್ಟೇ. ನಂತರ ರವಿವಾರ ಮಾತ್ರ 40 ನಿಮಿಷ, ಆಮೇಲೆ ವಾರಕ್ಕೆ 10 ನಿಮಿಷ ಹೆಚ್ಚಿಸಿ, ಪ್ರತಿ ನಾಲ್ಕನೆಯ ವಾರ ಕಡಿಮೆ ಮಾಡಿ. ನವನಗರ, ರಾಯಾಪುರ, ಸತ್ತೂರು ಎಂದು ರಸ್ತೆ ತಾನಾಗಿ ಉದ್ದವಾಗುತ್ತದೆ. ಈ ಲೆಕ್ಕದಲ್ಲಿ ಧಾರವಾಡಕ್ಕೆ ಹೋಗಿ ಬರಲು ಸುಮಾರು 5 ತಿಂಗಳು. ಬೈಪಾಸ್ ಮಾತ್ರ ಬೇಡ. ಲಾರಿಗಳ ಆ ರಸ್ತೆಯಲ್ಲಿ ಯಾವ ದಮ್ಮೂ ಕೆಲಸಕ್ಕೆ ಬರುವುದಿಲ್ಲ.

ಇದನ್ನೆಲ್ಲ ಗಂಡಸರಿಗೆ ಮಾತ್ರ ಹೇಳುತ್ತಿಲ್ಲ. ಮನೆಯಲ್ಲಿ ಸಕ್ಕರೆ, ಬೊಜ್ಜು, ಮೊಣಕಾಲು ನೋವು ಹೆಂಗಸರಿಗೇನು ಕಡಿಮೆಯೇ? ಶಾಲೆಗೆ ಸೈಕಲ್ ತುಳಿದ ಹುಡುಗಿ ಮದುವೆಯ ನಂತರ ಏಕೆ ನಿಲ್ಲಿಸಬೇಕೆಂದು ನನಗೆ ಅರ್ಥವಾಗಿಲ್ಲ. ಚೈನ್ ಪೂರ್ತಿ ಮುಚ್ಚುವ ಕವರ್ ಮತ್ತು ಹಿಂದಿನ ಗಾಲಿಗೆ ಜಾಲರಿ ಇರುವ ಲೇಡೀಸ್ ಸೈಕಲ್ ಕೊಡಿಸಿ, ಸಡಿಲ ಉಡುಪು ಸಿಕ್ಕಿಕೊಳ್ಳುವುದಿಲ್ಲ. ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ಹೊರಟರೆ ಮಾತಿನ ಪರೀಕ್ಷೆಯೂ ಆದಂತಾಯಿತು.

ಎಚ್ಚರಿಕೆಯ ಮಾತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಬೇಡಿ. ಸಕ್ಕರೆ ಇಳಿದು ರಸ್ತೆಯಲ್ಲೇ ತಲೆ ಸುತ್ತಬಹುದು. ಏನಾದರೂ ತಿಂದು ಹೊರಡಿ, ಜೇಬಿನಲ್ಲಿ ನಾಲ್ಕು ಖರ್ಜೂರ ಇರಲಿ. ಸಕ್ಕರೆ ಕಡಿಮೆ ಬಂತೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಕೊಟ್ಟವರನ್ನೇ ಕೇಳಿ. ಎದೆ ಬಿಗಿತ, ಎಡಗೈ ಸೆಳೆತ ಬಂದರೆ ಇಳಿದು ನೇರ ಹೃದಯದ ಆಸ್ಪತ್ರೆಗೆ ಹೋಗಿ. ನನ್ನ ಹತ್ತಿರವಲ್ಲ, ಯಾವ ಹಕೀಮರ ಹತ್ತಿರವೂ ಅಲ್ಲ.

ಸೈಕಲ್ ದುಬಾರಿಯದ್ದು ಬೇಕಿಲ್ಲ, ಸೀಟಿನ ಎತ್ತರ ಸರಿಯಿದ್ದರೆ ಸಾಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ನೇರವಾಗಬೇಕು. ನನ್ನ ಸೀಟು ಅಂದು ಎರಡು ಇಂಚು ತಗ್ಗಿನಲ್ಲಿತ್ತು. ಅದನ್ನು ಎತ್ತರಿಸಿ, ಉಣಕಲ್‌ನಿಂದ ಮತ್ತೆ ಆರಂಭಿಸಿ, ಆರನೆಯ ತಿಂಗಳಲ್ಲಿ ಧಾರವಾಡ ತಲುಪಿದೆ. ಪೇಢೆ ತಿನ್ನಲಿಲ್ಲ ಎಂದರೆ ಸುಳ್ಳಾದೀತು. ಅರ್ಧ ತಿಂದೆ. ಅಂದು ಝುಹರ್ ನಮಾಝನ್ನು ನೆಲದ ಮೇಲೆಯೇ ಮಾಡಿದೆ.