ಮುಖಕ್ಕೆ ಎಣ್ಣೆ: ಬಣ್ಣಕ್ಕಾಗಿ ಅಲ್ಲ, ಚರ್ಮದ ಹದಕ್ಕಾಗಿ

ಶರಣರು ದೇಹವನ್ನು ತುಚ್ಛವೆಂದು ಬಗೆದವರಲ್ಲ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸುವ ಧರ್ಮದಲ್ಲಿ ದೇಹವು ಲಿಂಗದ ನೆಲೆಯೇ ಆಗಿರುವುದರಿಂದ, ಅದರ ಶುಚಿತ್ವ ಮತ್ತು ಆರೋಗ್ಯದ ಕಾಳಜಿಯೂ ಆಚಾರದ ಒಂದು ಭಾಗವಾಗಿದೆ. ಆದುದರಿಂದ ಮುಖದ ಚರ್ಮಕ್ಕೆ ಯಾವ ಎಣ್ಣೆ ಹಿತವೆಂಬ ಪ್ರಶ್ನೆಯನ್ನು ಈ ಪುಟಗಳಲ್ಲಿ ಎತ್ತಿಕೊಳ್ಳುವುದು ಅಪ್ರಸ್ತುತವೆಂದು ನಾವು ಭಾವಿಸುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ‘ನೈಸರ್ಗಿಕ’, ‘ಸಸ್ಯಜನ್ಯ’, ‘ರಾಸಾಯನಿಕಮುಕ್ತ’ ಎಂಬ ಹೆಸರುಗಳನ್ನು ಹೊತ್ತ ಮುಖದ ಎಣ್ಣೆಗಳು ಮೊಬೈಲಿನ ಜಾಹೀರಾತುಗಳಿಂದ ಹಿಡಿದು ಜಾತ್ರೆಯ ಅಂಗಡಿಸಾಲಿನವರೆಗೆ ಎಲ್ಲೆಡೆ ಕಾಣಸಿಗುತ್ತಿವೆ. ಮೂವತ್ತು ಮಿಲಿಲೀಟರಿನ ಪುಟ್ಟ ಬಾಟಲಿಗೆ ತಿಂಗಳ ಅಡುಗೆ ಎಣ್ಣೆಯ ಬೆಲೆಯನ್ನು ತೆರುವ ಕುಟುಂಬಗಳೂ ಇವೆ. ಸಸ್ಯಜನ್ಯ ಎಣ್ಣೆಗಳ ಬಗ್ಗೆ ನಮ್ಮ ಆಕ್ಷೇಪವಿಲ್ಲ. ಅವು ನಮ್ಮ ಹಿರಿಯರು ತಲೆಮಾರುಗಳಿಂದ ಬಳಸಿದ ಸಾಮಗ್ರಿ. ಗಾಣದ ಕಾಯಕವನ್ನೇ ಹೆಸರಿನೊಡನೆ ಉಳಿಸಿಕೊಂಡ ಗಾಣದ ಕಣ್ಣಪ್ಪನಂಥವರು ಶರಣರ ಸಾಲಿನಲ್ಲಿದ್ದಾರೆ. ನಮ್ಮ ಆಕ್ಷೇಪವಿರುವುದು ಎಣ್ಣೆಯನ್ನು ಆರಿಸುವ ರೀತಿಯ ಬಗ್ಗೆ. ತನ್ನ ಚರ್ಮದ ಗುಣವನ್ನರಿಯದೆ, ಬಾಟಲಿಯ ಮೇಲಿನ ಮಾತನ್ನು ನಂಬಿ, ಬಹುಪಾಲು ಬೆಳ್ಳಗಾಗುವ ಆಸೆಯಿಂದ ಎಣ್ಣೆ ಕೊಳ್ಳುವುದು ಹಣಕ್ಕೂ ಚರ್ಮಕ್ಕೂ ಹಾನಿ ತರುತ್ತದೆ.

ಮೊದಲು ಚರ್ಮವನ್ನು ಅರಿಯಬೇಕು

ಚರ್ಮವು ತನಗೆ ಬೇಕಾದ ಜಿಡ್ಡನ್ನು ತಾನೇ ಸ್ರವಿಸಿಕೊಳ್ಳುತ್ತದೆ. ಈ ಸ್ರಾವ ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಹದಿಹರೆಯದಲ್ಲಿ ಏರುವ ಸ್ರಾವ ವಯಸ್ಸಾದಂತೆ ಇಳಿಯುತ್ತದೆ. ಆದುದರಿಂದ ಒಂದೇ ಮನೆಯಲ್ಲಿ ಅಜ್ಜಿಗೆ ಹಿತವಾದ ಎಣ್ಣೆ ಮೊಮ್ಮಗಳಿಗೆ ಮೊಡವೆ ತರಬಹುದು.

ಇದನ್ನು ಅರಿಯಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಉಗುರುಬೆಚ್ಚಗಿನ ನೀರಿನಿಂದ ಮುಖ ತೊಳೆದು, ಮೆಲ್ಲನೆ ಒರೆಸಿ, ಏನನ್ನೂ ಲೇಪಿಸದೆ ಒಂದು ಗಂಟೆ ಕಾಯಬೇಕು. ಬಳಿಕ ತೆಳುವಾದ ಕಾಗದವನ್ನು ಹಣೆ, ಮೂಗು, ಕೆನ್ನೆಗಳಿಗೆ ಒತ್ತಿ ನೋಡಬೇಕು. ಎಲ್ಲೆಡೆ ಜಿಡ್ಡು ಅಂಟಿದರೆ ಜಿಡ್ಡಿನ ಚರ್ಮ. ಎಲ್ಲಿಯೂ ಅಂಟದೆ ಮುಖ ಬಿಗಿದಂತಾಗಿದ್ದರೆ ಒಣ ಚರ್ಮ. ಹಣೆ ಮತ್ತು ಮೂಗಿನಲ್ಲಿ ಮಾತ್ರ ಜಿಡ್ಡಿದ್ದು ಕೆನ್ನೆ ಒಣಗಿದ್ದರೆ ಮಿಶ್ರ ಚರ್ಮ. ಹೊಸದೇನನ್ನು ಹಚ್ಚಿದರೂ ಉರಿ, ಕೆಂಪು, ತುರಿಕೆ ಕಾಣಿಸಿಕೊಳ್ಳುವುದು ಸೂಕ್ಷ್ಮ ಚರ್ಮ. ಋತುವನ್ನೂ ಗಮನಿಸಬೇಕು. ಕರಾವಳಿಯ ತೇವಭರಿತ ಗಾಳಿಯಲ್ಲಿ ಜಿಡ್ಡಾಗಿ ಕಾಣುವ ಮುಖವೇ ಬಯಲುಸೀಮೆಯ ಚಳಿಗಾಲದಲ್ಲಿ ಒಡೆಯಬಹುದು.

ಯಾವ ಚರ್ಮಕ್ಕೆ ಯಾವ ಎಣ್ಣೆ

ಎಲ್ಲ ಎಣ್ಣೆಗಳೂ ಕೊಬ್ಬಿನಾಮ್ಲಗಳಿಂದಾದವು. ಆದರೆ ಆ ಆಮ್ಲಗಳ ಪ್ರಮಾಣ ಒಂದೊಂದರಲ್ಲಿ ಒಂದೊಂದು ಬಗೆ. ಮುಖದ ಮಟ್ಟಿಗೆ ಎರಡನ್ನು ತಿಳಿದರೆ ಸಾಕು. ಲಿನೋಲಿಕ್ ಆಮ್ಲ ಹೆಚ್ಚಿರುವ ಎಣ್ಣೆ ಹಗುರ, ಬೇಗನೆ ಹರಡಿಕೊಳ್ಳುತ್ತದೆ, ಚರ್ಮದ ಹೊರಪದರದ ತಡೆಗೋಡೆಗೆ ಒತ್ತಾಸೆಯಾಗುತ್ತದೆ. ಓಲಿಕ್ ಆಮ್ಲ ಹೆಚ್ಚಿರುವುದು ಭಾರ, ಬಹಳ ಹೊತ್ತು ಮೈಮೇಲೆ ನಿಲ್ಲುತ್ತದೆ. ಮೊಡವೆಯುಳ್ಳವರ ಚರ್ಮದ ಜಿಡ್ಡಿನಲ್ಲಿ ಲಿನೋಲಿಕ್ ಆಮ್ಲ ಕಡಿಮೆಯಿರುತ್ತದೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಆದುದರಿಂದ ಜಿಡ್ಡಿನ ಅಥವಾ ಮಿಶ್ರ ಚರ್ಮದವರು ಎಣ್ಣೆ ಬಳಸಲೇಬೇಕೆಂದಿದ್ದರೆ ಮೊದಲ ಬಗೆಯದನ್ನು ಆರಿಸುವುದು ಲೇಸು.

ಇಲ್ಲಿ ಉತ್ತರ ಕರ್ನಾಟಕದ ಭಕ್ತರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದೂರದೇಶದ ದ್ರಾಕ್ಷಿಬೀಜದ ಎಣ್ಣೆಯನ್ನು ದುಬಾರಿ ಬೆಲೆಗೆ ತರಿಸುವ ನಾವು ನಮ್ಮದೇ ಕರಿಮಣ್ಣಿನ ಹೊಲದ ಕುಸುಬಿಯನ್ನು ಮರೆತಿದ್ದೇವೆ. ಸಾಂಪ್ರದಾಯಿಕ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲವು ನೂರಕ್ಕೆ 70ಕ್ಕೂ ಹೆಚ್ಚು. ಹಿಂಗಾರಿನ ಜೋಳದ ನಡುವೆ, ಬದುವಿನ ಅಂಚಿನಲ್ಲಿ ಮುಳ್ಳುಬೇಲಿಯಂತೆ ಬೆಳೆಯುತ್ತಿದ್ದ ಈ ಬೆಳೆ ಈಗ ಬಹಳಷ್ಟು ಹೊಲಗಳಿಂದ ಮರೆಯಾಗಿದೆ. ಮುಖದ ಎಣ್ಣೆಗೆಂದು ತೆರುವ ಹಣದ ಒಂದು ಪಾಲು ಊರಿನ ಗಾಣಕ್ಕೂ ಕುಸುಬಿ ಬೆಳೆಯುವ ರೈತನಿಗೂ ಸಂದರೆ ಅದು ಕಾಯಕಕ್ಕೆ ಸಲ್ಲಿಸಿದ ಗೌರವವೂ ಆದೀತು. ಸೂರ್ಯಕಾಂತಿ ಎಣ್ಣೆಯೂ ಇದೇ ಗುಣದ್ದು. 2013ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಸಂಶೋಧನೆಯೊಂದರಲ್ಲಿ ಸೂರ್ಯಕಾಂತಿ ಎಣ್ಣೆ ವಯಸ್ಕರ ಚರ್ಮದ ತಡೆಗೋಡೆಯನ್ನು ಕೆಡಿಸದೆ ಉಳಿಸಿತು. ಓಲಿಕ್ ಆಮ್ಲ ತುಂಬಿದ ಆಲಿವ್ ಎಣ್ಣೆ ಅದನ್ನು ದುರ್ಬಲಗೊಳಿಸಿತು. ಎಳೆಗೂಸುಗಳ ಮುಖಕ್ಕೆ ಆಲಿವ್ ಎಣ್ಣೆಯೇ ಶ್ರೇಷ್ಠವೆಂದು ನಂಬಿದ ತಾಯಂದಿರು ಇದನ್ನು ಗಮನಿಸಬೇಕು.

ಒಣ ಚರ್ಮದವರಿಗೆ ಎಳ್ಳೆಣ್ಣೆ, ಬಾದಾಮಿ ಎಣ್ಣೆಗಳು ಹೊಂದುತ್ತವೆ. ಎಳ್ಳೆಣ್ಣೆಯಲ್ಲಿ ಓಲಿಕ್ ಮತ್ತು ಲಿನೋಲಿಕ್ ಆಮ್ಲಗಳು ಹೆಚ್ಚುಕಡಿಮೆ ಸಮನಾಗಿರುವುದರಿಂದ ಅದು ಅತಿಭಾರವೂ ಅಲ್ಲ, ಅತಿಹಗುರವೂ ಅಲ್ಲ. ಆಯುರ್ವೇದದಲ್ಲಿ ಅಭ್ಯಂಗಕ್ಕೆ ಅದಕ್ಕೆ ಅಗ್ರಸ್ಥಾನವಿದೆ. ಕೊಬ್ಬರಿ ಎಣ್ಣೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದರ ಸುಮಾರು ಅರ್ಧಭಾಗ ಲಾರಿಕ್ ಆಮ್ಲ. ಒಡೆದ ಕೈಕಾಲಿಗೆ, ಒಣಗಿದ ಮೈಗೆ ಅದು ಒಳ್ಳೆಯದೇ. ಆದರೆ ಮೊಡವೆಯ ಪ್ರವೃತ್ತಿಯುಳ್ಳ ಮುಖದಲ್ಲಿ ರಂಧ್ರಗಳನ್ನು ಮುಚ್ಚುವ ಎಣ್ಣೆಗಳಲ್ಲಿ ಅದೂ ಒಂದು. ಔಡಲ ಎಣ್ಣೆ ಬಹಳ ಮಂದ. ಮುಖಕ್ಕೆ ಒಂಟಿಯಾಗಿ ಹಚ್ಚುವುದಕ್ಕಿಂತ ಒಡೆದ ತುಟಿಗೆ, ಹಿಮ್ಮಡಿಗೆ ಬಳಸುವುದು ಸೂಕ್ತ. ಸೂಕ್ಷ್ಮ ಚರ್ಮದವರು ಸುಗಂಧವಿಲ್ಲದ, ಹಲವು ಗಿಡಮೂಲಿಕೆಗಳ ಮಿಶ್ರಣವಲ್ಲದ ಒಂದೇ ಎಣ್ಣೆಯನ್ನು ಆರಿಸಬೇಕು. ಶೇಂಗಾ ಅಥವಾ ಎಳ್ಳು ತಿಂದರೆ ಮೈಗೆ ಒಗ್ಗದವರು ಅವುಗಳ ಎಣ್ಣೆಯನ್ನೂ ಮುಖಕ್ಕೆ ಹಚ್ಚಬಾರದು.

ನೈಸರ್ಗಿಕವಾದುದೆಲ್ಲ ನಿರಪಾಯವಲ್ಲ

ಗೇರುಕಾಯಿಯ ಸಿಪ್ಪೆಯ ಸೊನೆಯೂ ನೈಸರ್ಗಿಕವೇ. ಅದು ಚರ್ಮವನ್ನು ಸುಡುತ್ತದೆ. ನಿಂಬೆಯ ರಸ ಅಥವಾ ಸಿಪ್ಪೆಯ ಎಣ್ಣೆ ಮುಖದ ಮೇಲಿರುವಾಗ ಬಿಸಿಲಿಗೆ ಹೋದರೆ ಸುಟ್ಟಂಥ ಗಾಯವಾಗಿ, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಗಳಾಗುತ್ತವೆ. ಬೇವಿನ ಎಣ್ಣೆಯನ್ನು ಬೇರೊಂದು ಎಣ್ಣೆಯಲ್ಲಿ ತೆಳುಗೊಳಿಸದೆ ಹಚ್ಚುವುದು ಉಚಿತವಲ್ಲ. ಅದು ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಾಪಾಯವೂ ಆಗಬಹುದು. ಲವಂಗ, ನೀಲಗಿರಿ, ಟೀ ಟ್ರೀ ಮುಂತಾದವುಗಳಿಂದ ಬಟ್ಟಿ ಇಳಿಸಿದ ಸುಗಂಧ ತೈಲಗಳು ಬೀಜದಿಂದ ಹಿಂಡಿದ ಎಣ್ಣೆಗಳಂತಲ್ಲ. ಅವು ಅತಿ ತೀಕ್ಷ್ಣ. ನೇರವಾಗಿ ಮುಖಕ್ಕೆ ಹಚ್ಚುವಂಥವಲ್ಲ.

ಆದುದರಿಂದ ಯಾವುದೇ ಹೊಸ ಎಣ್ಣೆಯನ್ನು ಮೊದಲು ಮೊಣಕೈಯ ಒಳಭಾಗದಲ್ಲಿ ಒಂದು ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ, ಏಳರಿಂದ ಹತ್ತು ದಿನ ಹಚ್ಚಿ ನೋಡಬೇಕು. ತುರಿಕೆ, ಕೆಂಪು, ಗುಳ್ಳೆ ಕಾಣದಿದ್ದರೆ ಮಾತ್ರ ಮುಖಕ್ಕೆ.

ಬಣ್ಣದ ವ್ಯಾಮೋಹ

ಮದುವೆಯ ಮಾತುಕತೆ ನಡೆಯುವ ಮನೆಗಳಲ್ಲಿ ಕುಂಕುಮಾದಿ ತೈಲಕ್ಕೆ ಬೇಡಿಕೆ ಹೆಚ್ಚು. ಎಳ್ಳೆಣ್ಣೆಯಲ್ಲಿ ಕೇಸರಿ, ಶ್ರೀಗಂಧ, ಮಂಜಿಷ್ಠ, ಲಾವಂಚ ಮೊದಲಾದವುಗಳೊಡನೆ ಆಡಿನ ಹಾಲನ್ನೂ ಸೇರಿಸಿ ಕಾಯಿಸುವ ಶಾಸ್ತ್ರೀಯ ತೈಲವಿದು. ಒಣ ಚರ್ಮಕ್ಕೆ ಮೃದುತ್ವ ಕೊಟ್ಟೀತು. ಆದರೆ ಜಿಡ್ಡಿನ, ಮೊಡವೆಯ ಮುಖಕ್ಕೆ ಎಲ್ಲರಲ್ಲಿಯೂ ಒಗ್ಗದು. ಕೇಸರಿಯ ಬೆಲೆಯನ್ನು ಬಲ್ಲವರಿಗೆ, ಅಗ್ಗದ ಬಾಟಲಿಯಲ್ಲಿ ಎಷ್ಟು ಕೇಸರಿ ಇದ್ದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಚರ್ಮದ ಬಣ್ಣವನ್ನು ನಿರ್ಧರಿಸುವುದು ಹುಟ್ಟಿನಿಂದ ಬಂದ ಮೆಲನಿನ್. ಅದು ಬಿಸಿಲಿನ ಹಾನಿಯಿಂದ ನಮ್ಮನ್ನು ಕಾಯುವ ಕವಚ. ಯಾವ ಬೀಜದ ಎಣ್ಣೆಯೂ ಅದನ್ನು ತೊಳೆದುಹಾಕಲಾರದು. ವಾರದೊಳಗೆ ಮುಖ ಬೆಳ್ಳಗಾಯಿತೆಂದರೆ ಹಿಗ್ಗುವ ಬದಲು ಅನುಮಾನಿಸಬೇಕು. ಅಂಥ ಉತ್ಪನ್ನಗಳಲ್ಲಿ ಸ್ಟಿರಾಯ್ಡ್ ಅಥವಾ ಪಾದರಸ ಬೆರೆತಿರುವ ಸಂಭವವಿದೆ. ಸ್ಟಿರಾಯ್ಡ್ ಮೊದಲು ಹೊಳಪು ತಂದು, ಬರಬರುತ್ತ ಚರ್ಮವನ್ನು ತೆಳುವಾಗಿಸಿ, ರಕ್ತನಾಳಗಳು ಕಾಣುವಂತೆ ಮಾಡಿ, ಮೊಡವೆ ಮತ್ತು ಅನಗತ್ಯ ಕೂದಲನ್ನು ತರುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ. ಈ ಕಾರಣದಿಂದಲೇ 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿರ್ಬಂಧಿಸಿತು. ಪಾದರಸವು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮುಗಳನ್ನು ಬಳಸಿದವರಲ್ಲಿ ಇಂಥ ಮೂತ್ರಪಿಂಡದ ಕಾಯಿಲೆಯನ್ನು ವೈದ್ಯರು 2023ರಲ್ಲಿ ಗುರುತಿಸಿದರು.

ಇದು ಕೇವಲ ವೈದ್ಯಕೀಯ ವಿಚಾರವಲ್ಲ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಸಾರಿದ ಪರಂಪರೆಯವರು ನಾವು. ಜಾತಿಯಂತೆ ಮೈಬಣ್ಣವೂ ಹುಟ್ಟಿನಿಂದಲೇ ಬಂದುದು. ಮಗಳ ಬಣ್ಣವನ್ನು ಕೊರತೆಯೆಂದು ಎಣಿಸಿ ಅವಳ ಕೈಗೆ ಬಾಟಲಿ ಕೊಡುವ ತಂದೆತಾಯಿಗಳು, ಬಣ್ಣ ಕೇಳಿ ಹೆಣ್ಣು ನೋಡುವ ಬೀಗರು ಇಬ್ಬರೂ ಈ ತತ್ತ್ವಕ್ಕೆ ಎರಡೆಣಿಸುತ್ತಾರೆಂಬುದು ನಮ್ಮ ಖಚಿತ ಅಭಿಪ್ರಾಯ.

ಕೊಳ್ಳುವ ಮತ್ತು ಹಚ್ಚುವ ಕ್ರಮ

ಲೇಬಲ್ ಇಲ್ಲದ ಬಾಟಲಿಯಲ್ಲಿ ಮಾರುವ ಸೌಂದರ್ಯ ತೈಲವನ್ನು ಕೊಳ್ಳಬಾರದು. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬಳಕೆಯ ಅವಧಿ ಇರಲೇಬೇಕು. ಘಟಕಗಳ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದ್ದು ಮೊದಲು ಬರುತ್ತದೆ. ‘ಬಾದಾಮಿ ಎಣ್ಣೆ’ ಎಂದು ದೊಡ್ಡದಾಗಿ ಬರೆದ ಬಾಟಲಿಯ ಪಟ್ಟಿಯಲ್ಲಿ ಮೊದಲ ಹೆಸರು ಲಿಕ್ವಿಡ್ ಪ್ಯಾರಾಫಿನ್ ಅಥವಾ ಮಿನರಲ್ ಆಯಿಲ್ ಆಗಿದ್ದರೆ, ಕೊಂಡದ್ದು ಬಹುಪಾಲು ಪೆಟ್ರೋಲಿಯಂನಿಂದ ಬಂದ ಎಣ್ಣೆಯನ್ನೇ. ಗಾಣದ ಎಣ್ಣೆಯಾದರೆ ನಂಬಿಕೆಯ ಗಾಣದಿಂದ ಸ್ವಲ್ಪವೇ ತಂದು, ಬಣ್ಣದ ಗಾಜಿನ ಸೀಸೆಯಲ್ಲಿ ಬಿಸಿಲು ಬೀಳದೆಡೆ ಇಡಬೇಕು. ಕುಸುಬಿ, ಸೂರ್ಯಕಾಂತಿಗಳು ಬೇಗನೆ ಕೆಡುತ್ತವೆ. ಕಮಟು ವಾಸನೆ ಬಂದದ್ದನ್ನು ಮುಖಕ್ಕೆ ಹಚ್ಚಬಾರದು.

ಎಣ್ಣೆಯು ಚರ್ಮಕ್ಕೆ ನೀರನ್ನು ಕೊಡುವುದಿಲ್ಲ, ಇರುವ ನೀರು ಆರದಂತೆ ತಡೆಯುತ್ತದೆ. ಆದುದರಿಂದ ಮುಖ ತೊಳೆದು ಇನ್ನೂ ಹಸಿಯಿರುವಾಗ ಎರಡು ಮೂರು ಹನಿಯನ್ನು ಅಂಗೈಯಲ್ಲಿ ಹರಡಿ ಮೃದುವಾಗಿ ಒತ್ತಬೇಕು. ರಾತ್ರಿ ಮಲಗುವ ಮುನ್ನ ಹಚ್ಚುವುದು ಉತ್ತಮ; ಎಣ್ಣೆ ಬಿಸಿಲನ್ನು ತಡೆಯದು, ಹಗಲಿಗೆ ಸೆರಗು, ಕೊಡೆ, ಸನ್‌ಸ್ಕ್ರೀನ್‌ಗಳೇ ರಕ್ಷೆ. ನಿತ್ಯ ವಿಭೂತಿ ಧರಿಸುವವರು ಇನ್ನೊಂದನ್ನು ಗಮನಿಸಬಹುದು. ಭಸ್ಮದ ಗುಣ ತೇವವನ್ನೂ ಜಿಡ್ಡನ್ನೂ ಹೀರುವುದು. ವೃದ್ಧರಲ್ಲಿ, ಚಳಿಗಾಲದಲ್ಲಿ ಹಣೆ ಒಣಗಿ ಬಿರಿಯುವುದಕ್ಕೆ ಇದೂ ಒಂದು ಕಾರಣವಾಗಬಹುದು. ಅಂಥವರು ರಾತ್ರಿ ಹಣೆಯನ್ನು ತೊಳೆದು ಒಂದು ಹನಿ ಎಳ್ಳೆಣ್ಣೆ ಸವರಿಕೊಂಡರೆ ಬೆಳಗಿನ ಧಾರಣೆಗೆ ಅಡ್ಡಿಯಿಲ್ಲದೆ ಹಿತವಾಗುತ್ತದೆ.

ಕೀವುಗಟ್ಟಿದ ಮೊಡವೆ, ಬಂಗು, ಹುಬ್ಬು ಮತ್ತು ಮೂಗಿನ ಬದಿಗಳಲ್ಲಿ ಏಳುವ ಹೊಟ್ಟು ಇವುಗಳಿಗೆ ಎಣ್ಣೆ ಮದ್ದಲ್ಲ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಇಂಥಲ್ಲಿ ಚರ್ಮವೈದ್ಯರನ್ನು ಕಾಣುವುದೇ ವಿವೇಕ. ಚರ್ಮ ತಾನೇ ಹದವಾಗಿದ್ದರೆ ಯಾವ ಎಣ್ಣೆಯನ್ನೂ ಹಚ್ಚದಿರುವುದು ಕೂಡ ಸರಿಯಾದ ಆಯ್ಕೆಯೇ.

ಮಿತವಾದ ಬಳಕೆ, ಅರಿತ ಆಯ್ಕೆ, ತನ್ನ ಬಣ್ಣದಲ್ಲಿ ತೃಪ್ತಿ ಇವಿಷ್ಟಿದ್ದರೆ ಮುಖದ ಕಾಂತಿಗೆ ದುಬಾರಿ ಬಾಟಲಿಯ ಹಂಗು ಬೇಕಿಲ್ಲ. ಸಕಲ ಸದ್ಭಕ್ತರಿಗೂ ಆರೋಗ್ಯಭಾಗ್ಯ ಲಭಿಸಲಿ. ಶರಣು ಶರಣಾರ್ಥಿ.