ಕಾಲು ಕತ್ತರಿಸಲು ಕಾರ್ಡಿದೆ, ಚಪ್ಪಲಿಗಿಲ್ಲ

ಎರಡು ವರ್ಷಗಳ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ ಅಮ್ಮಿ ಬಹಳ ಖುಷಿಯಿಂದ ಹೇಳಿದರು: ‘ಕಾಲಿನ ಉರಿ ಹೋಯ್ತು ಬೇಟಾ. ಅಲ್ಲಾಹ್ ಕರುಣೆ ತೋರಿಸಿದ.’ ಮನೆಯವರಿಗೆಲ್ಲ ಸಮಾಧಾನವಾಯಿತು. ಪಾದಗಳಿಗೆ ಮೆಣಸಿನಕಾಯಿ ಅರೆದು ಮೆತ್ತಿದಂತಾಗುತ್ತದೆ ಎಂದು ನಾಲ್ಕೈದು ವರ್ಷ ರಾತ್ರಿಯಿಡೀ ಒದ್ದಾಡಿದವರು ಅವರು. ನಡುರಾತ್ರಿ ಎದ್ದು ಬಚ್ಚಲ ತಣ್ಣನೆ ಕಲ್ಲಿನ ಮೇಲೆ ಕಾಲಿಟ್ಟು ಕೂರುತ್ತಿದ್ದರು. ಆ ಉರಿ ಹೋಗಿದ್ದಕ್ಕೆ ನನ್ನ ಹೆಂಡತಿ ಪಾಯಸ ಮಾಡಿದಳು. ಸಕ್ಕರೆ ಕಾಯಿಲೆಯ ಅಮ್ಮಿಗೂ ಒಂದು ಚಮಚ ಕೊಟ್ಟಳು.

ಹದಿನೈದು ದಿನ ಕಳೆದಿರಬಹುದು. ಚಳಿಗೆಂದು ಕಾಲಡಿ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಮಲಗಿದರು. ಬೆಳಿಗ್ಗೆ ನೋಡಿದರೆ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆ. ಅದು ಎದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಹೋಗಿದ್ದು ರೋಗವಲ್ಲ, ನೋವು. ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮೊದಲು ಉರಿಸುತ್ತದೆ, ಆಮೇಲೆ ಕೊಲ್ಲುತ್ತದೆ. ಸತ್ತ ನರ ನೋಯುವುದಿಲ್ಲ. ನಾವು ಪಾಯಸ ಉಂಡದ್ದು ಆ ಸಾವಿಗೆ. ಎರಡು ತಿಂಗಳಲ್ಲಿ ಗುಳ್ಳೆ ಹುಣ್ಣಾಯಿತು, ಹುಣ್ಣು ಮೂಳೆಗಿಳಿಯಿತು. ಎರಡು ಬೆರಳು ತೆಗೆದರು.

ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗ ನಮ್ಮ ಕಾರ್ಡು ನೋಡಿ, ‘ಟೆನ್ಶನ್ ಮಾಡ್ಕೋಬೇಡಿ ಅಂಕಲ್, ಆಪರೇಷನ್ ಫ್ರೀ’ ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತಿದೆ. ಈ ಬರಹ ಅದರ ಬಗ್ಗೆಯೇ.

2018ರಲ್ಲಿ ಬಂದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಡುತ್ತದೆ. ಅದನ್ನು ನಾನು ಹಳಿಯುವುದಿಲ್ಲ. ಅದಿಲ್ಲದಿದ್ದರೆ ಹೆಂಡತಿಯ ಕಿವಿಯ ಬುಗುಡಿಯೂ ಅಡವಿಗೆ ಹೋಗುತ್ತಿತ್ತು. ಆದರೆ ಆ ಕಾರ್ಡಿನ ಬಾಗಿಲು ತೆರೆಯುವುದು ರೋಗಿ ಮಂಚ ಹಿಡಿದ ಮೇಲೆ. ಕೇಂದ್ರದ ನಿಯಮದಂತೆ ಆಸ್ಪತ್ರೆ ಸೇರುವ ಮುಂಚಿನ 3 ದಿನ ಮತ್ತು ಬಿಟ್ಟ ನಂತರದ 15 ದಿನದ ಖರ್ಚು ಪ್ಯಾಕೇಜಿನೊಳಗೆ ಬರುತ್ತದೆ. ಅದರ ಹಿಂದಿನ ನಾಲ್ಕೈದು ವರ್ಷ? ಅದರ ಮುಂದಿನ ಬದುಕು? ಅದೆಲ್ಲ ನಮ್ಮ ಜೇಬಿಗೇ.

ನಮ್ಮ ಜೇಬಿನ ಕತೆ ಹೇಳುತ್ತೇನೆ. ದಾವಣಗೆರೆಯ ಬಾಡಿಗೆ ಮನೆಯಲ್ಲಿರುವವರು ನಾವು. ಅಮ್ಮಿ ನಲವತ್ತು ವರ್ಷ ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟಿದವರು. ‘ಕೂತು ಕೂತು ಕಾಲು ಜೋಮು ಹಿಡಿದಿದೆ’ ಎಂದೇ ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಸಕ್ಕರೆ, ಬಿಪಿ, ನರದ ಮಾತ್ರೆ ಸೇರಿ ತಿಂಗಳಿಗೆ 1,600 ರೂಪಾಯಿ. ಕಾಲುನೋವಿಗೆಂದು ಸುತ್ತಿದ ದವಾಖಾನೆ ಮೂರು. ಒಬ್ಬರು ಎಕ್ಸ್‌ರೇ ತೆಗೆಸಿ ಮೂಳೆ ಸವೆದಿದೆ ಎಂದರು. ಒಬ್ಬರು ವಾರಕ್ಕೊಂದು ಇಂಜೆಕ್ಷನ್ ಚುಚ್ಚಿದರು. ಇನ್ನೊಬ್ಬರು ಶಕ್ತಿಯ ಮಾತ್ರೆ ಬರೆದರು. ಚಪ್ಪಲಿ ಬಿಚ್ಚಿ ಅಂಗಾಲು ತೋರಿಸಿ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಬೆರಳು ತೆಗೆದ ಮೇಲೆ ಗಾಯ ಮಾಯಲು ನಾಲ್ಕು ತಿಂಗಳು ಬೇಕಾಯಿತು. ದಿನ ಬಿಟ್ಟು ದಿನ ಡ್ರೆಸ್ಸಿಂಗಿಗೆ 150, ಹೋಗಿಬರುವ ಆಟೋಗೆ 120. ಮಗಳ ಕಾಲೇಜಿನ ಫೀಜಿಗೆಂದು ತೆಗೆದಿಟ್ಟಿದ್ದ ಹಣ ಹೀಗೆ ಹತ್ತಿಬಟ್ಟೆಯಾಗಿ ಹೋಯಿತು. ಆಪರೇಷನ್ ಮಾತ್ರ ಫ್ರೀ.

ಸರಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಸಿಗುತ್ತದೆ, ಇದ್ದಾಗ. ಇಲ್ಲದಾಗ ಚೀಟಿ ಬರೆದು ಹೊರಗೆ ಕಳಿಸುತ್ತಾರೆ. ಸಾಲಿನಲ್ಲಿ ನಿಂತ ದಿನದ ಕೂಲಿಯನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಅಲ್ಲಿ ಕೂಡ ನೋಡುವುದು ರಕ್ತ, ಪಾದವಲ್ಲ. ಬೀಡಿ ಕಾರ್ಮಿಕರಿಗೆ ಕಲ್ಯಾಣ ನಿಧಿ ಇಲ್ಲವೇ ಎಂದು ಕೇಳುವವರೂ ಇದ್ದಾರೆ. 1976ರ ಕಾನೂನಿನಂತೆ ಬೀಡಿಯ ಮೇಲೆ ಹಾಕುತ್ತಿದ್ದ ಸೆಸ್ಸಿನಿಂದ ಆ ನಿಧಿ ನಡೆಯುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸನ್ನೇ ತೆಗೆದುಹಾಕಿದರು. ಬೀಡಿ ಉಳಿಯಿತು, ಬೀಡಿಯಿಂದ ಬರುವ ತೆರಿಗೆಯೂ ಉಳಿಯಿತು. ಕಟ್ಟಿದವಳ ಹೆಸರಿನಲ್ಲಿ ಎತ್ತಿಡುತ್ತಿದ್ದ ಪಾಲು ಮಾತ್ರ ಹೋಯಿತು.

ಈಗ ಚಪ್ಪಲಿಯ ಮಾತಿಗೆ ಬರುತ್ತೇನೆ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಕಲ್ಲು, ಮೊಳೆ, ಬಿಸಿ ಯಾವುದೂ ಗೊತ್ತಾಗುವುದಿಲ್ಲ. ಆದ್ದರಿಂದ ಅದಕ್ಕೆ ಮೆತ್ತನೆಯ ಒಳಪದರವಿರುವ, ಒಂದೇ ಕಡೆ ಭಾರ ಬೀಳದಂತೆ ನೋಡಿಕೊಳ್ಳುವ ಚಪ್ಪಲಿ ಬೇಕು. ಇದೇನೂ ಹೊಸ ಶೋಧವಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದಿಂದ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟದ್ದು ಇದನ್ನೇ: ಬೆರಳು ಕೊಳೆತು ಉದುರುವುದು ರೋಗಾಣುವಿನಿಂದಲ್ಲ, ನೋವು ತಿಳಿಯದ ಕಾಲಿಗೆ ಮತ್ತೆ ಮತ್ತೆ ಆಗುವ ಪೆಟ್ಟಿನಿಂದ. ಅದಕ್ಕೇ ನಮ್ಮ ದೇಶದ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಯನ್ನು ರೋಗಿಗಳಿಗೆ ಪುಕ್ಕಟೆ ಕೊಡುತ್ತದೆ. ಸಕ್ಕರೆ ಕಾಯಿಲೆಯ ಪಾದವೂ ಅದೇ ದಾರಿಯಲ್ಲಿ ಹಾಳಾಗುತ್ತದೆ. ಹಾಗಾದರೆ ಈ ಪಾದಕ್ಕೇಕೆ ಆ ಚಪ್ಪಲಿಯಿಲ್ಲ? ನಾನು ವಿಚಾರಿಸಿದ ಅಂಗಡಿಯಲ್ಲಿ ಜೊತೆಗೆ 900 ರೂಪಾಯಿ. 900 ರೂಪಾಯಿಯ ಚಪ್ಪಲಿಗೆ ಹಣವಿಲ್ಲ ಎನ್ನುವ ಸರಕಾರವೇ ಬೆರಳು ಕತ್ತರಿಸಲು ಸಾವಿರಾರು ರೂಪಾಯಿ ಕೊಡುತ್ತದೆ. ಬಡವರ ಮೇಲಿನ ಕರುಣೆ ಹಾಗಿರಲಿ, ಇದು ಕೂಡುವ ಕಳೆಯುವ ಲೆಕ್ಕಕ್ಕೂ ನಿಲ್ಲುವುದಿಲ್ಲ.

ಪಾದ ಸತ್ತಿದೆಯೋ ಇಲ್ಲವೋ ಎಂದು ತಿಳಿಯಲು ದೊಡ್ಡ ಯಂತ್ರವೂ ಬೇಡ. ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿನ ಕೆಲವು ಕಡೆ ಒತ್ತಿ ‘ಗೊತ್ತಾಯ್ತಾ?’ ಎಂದು ಕೇಳಬೇಕು. ಐದು ನಿಮಿಷದ ಕೆಲಸ. ತರಬೇತಿ ಕೊಟ್ಟರೆ ಆಶಾ ಕಾರ್ಯಕರ್ತೆಯೂ ಮಾಡಬಲ್ಲಳು. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆ ಮನೆಮನೆಗೆ ಹೋಗಿ ಸಕ್ಕರೆ, ಬಿಪಿ ನೋಡುವ ಕೆಲಸಕ್ಕೆ ಇಳಿದಿದೆ. ಸಂತೋಷ. ಹೊಸ್ತಿಲು ದಾಟಿ ಬಂದವರು ಆ ಒಂದು ಎಳೆಯನ್ನೂ ತರಲಿ. ಎಳೆ ಗೊತ್ತಾಗದವರಿಗೆ ಅಲ್ಲಿಯೇ ಚಪ್ಪಲಿಯ ಚೀಟಿ ಬರೆದುಕೊಡಲಿ. ಮಾತ್ರೆ, ಡ್ರೆಸ್ಸಿಂಗ್, ಚಪ್ಪಲಿ ಈ ಮೂರೂ ಕಾರ್ಡಿನೊಳಗೆ ಬರಲಿ. ನನ್ನ ಬೇಡಿಕೆ ಇಷ್ಟೇ.

ಸರಕಾರಕ್ಕೆ ಬೈದು ಕೈತೊಳೆದುಕೊಳ್ಳುವುದು ಸುಲಭ. ನಮ್ಮವರಿಗೂ ಒಂದು ಮಾತು ಹೇಳಬೇಕು. ಜುಮಾ ನಮಾಜಿನ ನಂತರ ಮಸೀದಿಯ ಬಾಗಿಲಲ್ಲಿ ಒಂದು ಕಾಲಿನವನು ಟವೆಲ್ ಹಾಸಿ ಕೂತರೆ ಹತ್ತರ, ನೂರರ ನೋಟುಗಳು ಬೀಳುತ್ತವೆ. ಅದೇ ಮನುಷ್ಯ ಎರಡು ಕಾಲಿದ್ದಾಗ ಬಂದು, ‘ಚಪ್ಪಲಿಗೆ 900 ರೂಪಾಯಿ ಬೇಕು’ ಎಂದಿದ್ದರೆ ಕೊಡುತ್ತಿದ್ದೆವೇ? ‘ಶೋಕಿ ನೋಡು’ ಎಂದು ನಗುತ್ತಿದ್ದೆವು. ನಮ್ಮ ಕರುಣೆಗೂ ಸರಕಾರದ ಕಾರ್ಡಿನದೇ ಬುದ್ಧಿ: ಏನಾದರೂ ಕತ್ತರಿಸಿದ ಮೇಲೆಯೇ ಅದು ಎಚ್ಚರಗೊಳ್ಳುವುದು. ಒಂದು ಮೊಹಲ್ಲಾದ ಜಮಾತು ಒಂದು ಮದುವೆಯ ದಾವತ್ತಿನ ಖರ್ಚನ್ನು ಬದಿಗಿಟ್ಟರೆ ಆ ಮೊಹಲ್ಲಾದ ಎಷ್ಟೋ ಪಾದಗಳು ಉಳಿಯುತ್ತವೆ. ಇದು ನಮ್ಮವರಿಗೆ ಮಾತ್ರ ಹೇಳಿದ್ದಲ್ಲ. ಮಠ, ಚರ್ಚು, ಸಹಕಾರ ಸಂಘ, ಯುವಕ ಮಂಡಲ ಎಲ್ಲಕ್ಕೂ ಸಲ್ಲುತ್ತದೆ. ಸಕ್ಕರೆ ಕಾಯಿಲೆ ಜಾತಿ ಕೇಳಿ ಬರುವುದಿಲ್ಲ.

ಕೊನೆಗೆ ನನಗೆ ನಾನೇ ಹೇಳಿಕೊಳ್ಳುವ ಮಾತು. ಸ್ವರ್ಗ ತಾಯಿಯ ಪಾದದಡಿಯಲ್ಲಿದೆ ಎಂದು ಮದ್ರಸದಲ್ಲಿ ಕೇಳಿ ಬೆಳೆದವನು ನಾನು. ಕತೆಗಳಲ್ಲಿ ಬರೆದೆ, ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ನಲವತ್ತು ದಾಟುವವರೆಗೆ ಆ ಪಾದವನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಅವರೂ ತೋರಿಸಲಿಲ್ಲ. ಮಗನ ಸಂಬಳ ಎಷ್ಟು ಎಂಬುದು ತಾಯಿಗೆ ಗೊತ್ತಿರುತ್ತದೆ. ನಮ್ಮ ಮನೆಗಳ ಹೆಂಗಸರು ನೋವನ್ನು ನುಂಗುವುದು ತಾಳ್ಮೆಯಿಂದ ಎಂದು ಹೊಗಳುತ್ತೇವೆ. ಅದು ತಾಳ್ಮೆಯಲ್ಲ, ಜಮಾಖರ್ಚು.

ಈಗ ಪ್ರತಿ ರಾತ್ರಿ ಇಶಾ ನಮಾಜು ಮುಗಿಸಿ ಬಂದು ಅಮ್ಮಿಯ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಟಾರ್ಚು ಹಾಕಿ ನೋಡುತ್ತೇನೆ. ಬೆರಳ ಸಂದು, ಹಿಮ್ಮಡಿಯ ಬಿರುಕು, ಅಂಗಾಲಿನ ಆಣಿ. ಅವರಿಗೆ ನಾಚಿಕೆ. ‘ಬಿಡಪ್ಪಾ, ನೋವೇ ಇಲ್ಲವಲ್ಲ’ ಎನ್ನುತ್ತಾರೆ. ನೋವಿಲ್ಲದ್ದೇ ನನ್ನ ಭಯ. ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯ ತಾಯಿ, ಅತ್ತೆ, ಅಬ್ಬಾ ಇದ್ದರೆ ಈ ಪುಟ ಮಡಚಿಟ್ಟು ಹೋಗಿ ಅವರ ಅಂಗಾಲು ನೋಡಿ. ಅಷ್ಟಕ್ಕೆ ಯಾವ ಕಾರ್ಡೂ ಬೇಕಿಲ್ಲ.