ಎಮ್ಮೆಗೆ ವಿಮೆ ಇದೆ, ಮಗುವಿನ ಅನ್ನಕ್ಕೆ ಯಾಕಿಲ್ಲ?



ಸಂಘದಿಂದ ಎಮ್ಮೆ ಸಾಲ ತೆಗೆದವರಿಗೆ ಈ ಮಾತು ಗೊತ್ತು. ಎಮ್ಮೆ ಕೊಟ್ಟಿಗೆಗೆ ಬರುವ ಮುಂಚೆ ಬ್ಯಾಂಕಿನವರು ವಿಮೆ ಮಾಡಿಸಿ ಅದರ ಕಿವಿಗೆ ಬಿಲ್ಲೆ ಹೊಡೆಸುತ್ತಾರೆ. ಎಮ್ಮೆ ಸತ್ತರೂ ಸಾಲ ಮುಳುಗಬಾರದು ಎಂಬ ಲೆಕ್ಕ ಅದು. ಕಬ್ಬು ಹೊರುವ ಟ್ರ್ಯಾಕ್ಟರಿಗೂ ವಿಮೆ ಬೇಕು. ಆದರೆ ಅಪ್ಪ ಕೈಬಿಟ್ಟ ಮಗುವಿಗೆ ಕೋರ್ಟು ತಿಂಗಳ ಜೀವನಾಂಶ ಕೊಡಿಸುತ್ತದಲ್ಲ, ಆ ಅಪ್ಪ ಸತ್ತರೆ ಮಗುವಿನ ಅನ್ನದ ಗತಿ ಏನು?

ಪುಸ್ತಕ ಓದಿ ಕೇಳುತ್ತಿಲ್ಲ, ಅನುಭವಿಸಿ ಕೇಳುತ್ತಿದ್ದೇನೆ. ನಾನು ರಾಯಬಾಗ ತಾಲೂಕಿನವಳು. ನನ್ನ ಮದುವೆಯ ಯಾದಿ ಬರೆಯುವಾಗ ಹಿರಿಯರು ಎಂಟು ಜನ ಕೂತಿದ್ದರು. ಇಷ್ಟು ತೊಲ ಬಂಗಾರ, ಇಷ್ಟು ಹುಂಡಾ, ಒಂದು ಮೋಟಾರ್ ಸೈಕಲ್ಲು, ಎಲ್ಲವನ್ನೂ ಪೈಸೆ ಬಿಡದೆ ಬರೆದು ಸಹಿ ಮಾಡಿದರು. ಹೊಡೆತ ತಾಳಲಾರದೆ ಮೂರು ವರ್ಷದ ಮಗಳನ್ನು ಎತ್ತಿಕೊಂಡು ತವರಿಗೆ ಬಂದಾಗ ಆ ಎಂಟು ಜನರಲ್ಲಿ ಒಬ್ಬರೂ ಬರಲಿಲ್ಲ.

ಎರಡು ವರ್ಷ ತಾರೀಖಿಗೆ ಅಲೆದೆ. ಮಗಳಿಗೆ ತಿಂಗಳಿಗೆ 3,000 ರೂಪಾಯಿ ಎಂದು ಆದೇಶವಾಯಿತು. 2019ರಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ಮರುತಿಂಗಳು ಹಣ ನಿಂತಿತು. ವಕೀಲರು, 'ಆದೇಶ ಅವರ ಮೇಲಿತ್ತಮ್ಮ, ಅವರ ಜೀವದ ಜೊತೆ ಅದೂ ಹೋಯಿತು' ಎಂದರು. ಅವರ ಹೆಸರಲ್ಲಿ ಒಂದು ವಿಮಾ ಪಾಲಿಸಿ ಇತ್ತು. ಮೊದಲು ಅದರಲ್ಲಿ ನಾಮಿನಿ ನಾನು. ನಾನು ಕೋರ್ಟಿಗೆ ಹೋದ ಮೇಲೆ ಅವರು ತಮ್ಮನ ಹೆಸರು ಬರೆಸಿದ್ದರು. ಹಾಗೆ ಬದಲಾಯಿಸಲು ಒಂದು ಫಾರ್ಮ್ ಸಾಕು, ಹೆಂಡತಿಯನ್ನಾಗಲೀ ಕೋರ್ಟನ್ನಾಗಲೀ ಕೇಳಬೇಕಿಲ್ಲ. ನಮಗೆ ಸುದ್ದಿ ತಿಳಿಯುವಷ್ಟರಲ್ಲಿ ಆ ಹಣ ಮೈದುನನ ಮನೆಯ ಸ್ಲ್ಯಾಬ್ ಆಗಿತ್ತು.

ನಾಮಿನಿ ಎಂದರೆ ಮಾಲೀಕ ಎಂದು ನಾನು ಆಗ ತಿಳಿದಿದ್ದೆ. ಅದು ತಪ್ಪು. ನಾಮಿನಿ ಹಣ ಪಡೆಯುವವನು ಮಾತ್ರ, ಹಣ ವಾರಸುದಾರರದ್ದು ಎಂದು ಸುಪ್ರೀಂ ಕೋರ್ಟು 1983ರಲ್ಲೇ ಹೇಳಿದೆ. 2015ರಲ್ಲಿ ವಿಮಾ ಕಾಯ್ದೆ ತಿದ್ದುಪಡಿಯಾಗಿ, ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣವೂ ಅವರದ್ದೇ ಎಂಬ ಅರ್ಥ ಬಂತು. ಆದರೂ 2025ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಒಂದು ಒಳ್ಳೆಯ ತೀರ್ಪು ಕೊಟ್ಟಿತು. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದವನೊಬ್ಬ ಹೆಸರು ಬದಲಿಸದೆ ತೀರಿಹೋಗಿದ್ದ. ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಎಂದಿತು ಕೋರ್ಟು.

ತೀರ್ಪಿಗೆ ಕೈ ಮುಗಿಯೋಣ. ಆದರೆ ಯೋಚಿಸಿ. ಅದಕ್ಕಾಗಿ ಒಬ್ಬ ವಿಧವೆ ಹೈಕೋರ್ಟಿನ ತನಕ ಹೋಗಬೇಕಾಯಿತು. ಅಲ್ಲಿಯತನಕ ಮಗುವಿನ ಹೊಟ್ಟೆ ಕಾಯುತ್ತದೆಯೇ? ಅವನು ಕಂತು ಕಟ್ಟದೆ ಪಾಲಿಸಿ ರದ್ದಾಗಿದ್ದರೆ, ಅಥವಾ ಪಾಲಿಸಿಯೇ ಇಲ್ಲದಿದ್ದರೆ ಯಾವುದರಲ್ಲಿ ಪಾಲು ಕೇಳುವುದು? ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ, ಅಥಣಿಯಲ್ಲಿ ಚಪ್ಪಲಿ ಹೊಲಿಯುವ, ಚಿಕ್ಕೋಡಿ ಕಾಗವಾಡದ ಕಡೆ ಕಬ್ಬಿನ ಗದ್ದೆಗೆ ಹೋಗುವ ಹೆಣ್ಣುಮಕ್ಕಳ ಗಂಡಂದಿರಲ್ಲಿ ಎಷ್ಟು ಜನರಿಗೆ ಪಗಾರ ಚೀಟಿ ಇದೆ, ಪಿಂಚಣಿ ಇದೆ?

ಆದ್ದರಿಂದ ನನ್ನ ಬೇಡಿಕೆ ಒಂದೇ. ಜೀವನಾಂಶದ ಆದೇಶ ಆಗುವಾಗಲೇ ಅಪ್ಪನ ಜೀವವಿಮೆಯೂ ಆ ಆದೇಶದೊಳಗೆ ಬರಬೇಕು. ಅಮೆರಿಕದ ಫ್ಲೋರಿಡಾದಂಥ ರಾಜ್ಯಗಳಲ್ಲಿ ಮಗುವಿನ ಖರ್ಚಿಗೆ ಭದ್ರತೆಯಾಗಿ ಜೀವವಿಮೆ ಇಡು ಎಂದು ಆದೇಶಿಸುವ ಅಧಿಕಾರ ಕೋರ್ಟಿಗಿದೆ. ನಮ್ಮಲ್ಲಿ 125ನೇ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಹೆಸರು ಹೊಸದು, ವಿಮೆಯ ಮಾತು ಇದರಲ್ಲೂ ಇಲ್ಲ.

ಹಾಗೆಂದು ಬಾಗಿಲು ಪೂರಾ ಮುಚ್ಚಿಲ್ಲ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಲ್ಲಿ ಜೀವನಾಂಶಕ್ಕಾಗಿ ಗಂಡನ ಜಮೀನಿನ ಮೇಲೆ ಬೋಜಾ ಕೂಡಿಸಬಹುದು. 26ನೇ ಕಲಮಿನಲ್ಲಿ ಮಕ್ಕಳ ಪೋಷಣೆ, ಶಿಕ್ಷಣಕ್ಕೆ ನ್ಯಾಯವೆಂದು ಕಂಡ ಏರ್ಪಾಟನ್ನು ಕೋರ್ಟು ಮಾಡಬಹುದು. ವಿಮೆಯೂ ಅಂಥದೊಂದು ಏರ್ಪಾಟು ಎಂದು ನಾವು ವಾದಿಸಬೇಕು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಕಲಂ ಇನ್ನೂ ಗಟ್ಟಿ. ಅದರಡಿ ಗಂಡ ಹೆಂಡತಿ ಮಕ್ಕಳ ಹಿತಕ್ಕೆಂದು ಬರೆಸಿದ ಪಾಲಿಸಿ ಅವರದ್ದೇ. ಅವನು ಸಿಟ್ಟಿನಲ್ಲಿ ಹೆಸರು ಬದಲಿಸುವಂತಿಲ್ಲ, ಅವನ ಸಾಲಗಾರರೂ ಮುಟ್ಟುವಂತಿಲ್ಲ. ಇದನ್ನು ಪಾಲಿಸಿ ಮಾಡಿಸುವಾಗಲೇ ಬರೆಸಬೇಕು, ವಿಚ್ಛೇದನದ ಡಿಕ್ರಿ ಆಗುವ ಮುಂಚೆಯೇ ಮುಗಿಸಬೇಕು.

ಕೇಸು ನಡೆಸುತ್ತಿರುವ ತಂಗಿಯರೇ, ಇದನ್ನು ಮರೆಯಬೇಡಿ. ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿಯ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಅವನ ಪಾಲಿಸಿಗಳ ವಿವರ ಕೇಳಿ. ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಸುವಾಗ 'ತಿಂಗಳಿಗೆ ಇಷ್ಟು' ಎಂಬಷ್ಟಕ್ಕೇ ಹೆಬ್ಬೆಟ್ಟು ಒತ್ತಬೇಡಿ. 'ಮಗುವಿನ ಹೆಸರಿನಲ್ಲಿ ವಿಮೆ, ವರ್ಷವರ್ಷ ಕಂತಿನ ರಸೀದಿ' ಎಂಬ ಸಾಲನ್ನೂ ಬರೆಸಿ. ಮಗು ಚಿಕ್ಕದಿದ್ದರೆ ಅದರ ಪರವಾಗಿ ಹಣ ಪಡೆಯುವವರು ಯಾರು ಎಂಬಲ್ಲಿ ನಿಮ್ಮ ಹೆಸರಿರಲಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ.

'ಕೂಲಿ ಮಾಡುವವ ವಿಮೆ ಎಲ್ಲಿಂದ ಕಟ್ಟುತ್ತಾನೆ?' ಎಂದು ಕೇಳುತ್ತಾರೆ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ. 18ರಿಂದ 50 ವರ್ಷದೊಳಗೆ ಸೇರಿದರೆ ಸತ್ತಾಗ 2 ಲಕ್ಷ ಬರುತ್ತದೆ. ದಿನಕ್ಕೆ ಒಂದು ರೂಪಾಯಿ ಚಿಲ್ಲರೆ. ಗುಟ್ಕಾಕ್ಕೆ ಉಗುಳುವ ದುಡ್ಡಿಗಿಂತ ಕಡಿಮೆ! ಇದರಲ್ಲಿ ನಾಮಿನಿ ಬದಲಿಸುವುದು ಅವನ ಕೈಯಲ್ಲೇ ಇರುತ್ತದೆ, ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆ ನಿಂತೂ ಹೋಗುತ್ತದೆ. ಅದಕ್ಕೇ ರಾಜಿಪತ್ರದಲ್ಲಿ ಬರೆಸಬೇಕು, ಪ್ರತಿ ಜೂನಿನಲ್ಲಿ ರಸೀದಿ ಕೇಳಬೇಕು.

ಇನ್ನೊಂದು ಮಾತು ನನ್ನ ಕಿವಿಗೇ ಬಿದ್ದಿದೆ. 'ಏನವಾ, ಗಂಡ ಸಾಯೂದನ್ನ ಕಾಯಾಕತ್ತಿ ಏನು?' ಎಮ್ಮೆಗೆ ಬಿಲ್ಲೆ ಹೊಡೆಸಿದಾಗ ಎಮ್ಮೆ ಸಾಯಲಿ ಎಂದು ಯಾರೂ ಹರಕೆ ಹೊತ್ತಿರಲಿಲ್ಲವಲ್ಲ! ಅವರು ನೂರು ವರ್ಷ ಬಾಳಲಿ, ತಿಂಗಳು ತಿಂಗಳು ಹಣ ಕೊಡಲಿ. ನಾವು ಕೇಳುವುದು ಮಗುವಿನ ಅನ್ನಕ್ಕೆ ಭದ್ರತೆ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇದನ್ನು ಓದಿಸಿ. ಜೀವನಾಂಶ ಪಡೆಯುತ್ತಿರುವ ತಂಗಿ ನಿಮ್ಮ ಸಂಘದಲ್ಲಿದ್ದರೆ, ಅವಳ ಆದೇಶದ ಪ್ರತಿ ತೆಗೆಸಿ ವಿಮೆಯ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಅವಳೊಬ್ಬಳನ್ನೇ ವಕೀಲರ ಬಳಿ ಕಳಿಸಬೇಡಿ, ನಾಲ್ಕು ಜನ ಜೊತೆಗೆ ಹೋಗಿ. ನನ್ನ ಮಗಳಿಗೆ ಈ ಮಾತು ತಡವಾಯಿತು. ನಿಮ್ಮ ಮಕ್ಕಳಿಗೆ ತಡವಾಗಬಾರದು.